ಹಳೆಯ ಹಾದಿಯ ಹೊಸ ಹಳಿ: ಲಾಸ್ ಏಂಜಲೀಸ್–ಲಾಂಗ್ ಬೀಚ್ ಲಘು ರೈಲುಮಾರ್ಗದ ಬೆಳವಣಿಗೆ ಮತ್ತು ನಿರ್ವಹಣೆ

1. ಪ್ರವೇಶ

ನಗರ ಸಾರಿಗೆಯನ್ನು ಕುರಿತ ಚರ್ಚೆಗಳಲ್ಲಿ ‘ಲಘು ರೈಲು’ ಎಂಬ ಮಾತು ಹೆಚ್ಚಾಗಿ ಬಳಕೆಯಾಗುತ್ತಿದೆ. ಈ ಹೆಸರಿನಲ್ಲಿರುವ ‘ಲಘು’ ಎಂಬ ವಿಶೇಷಣವು ಹಲವರಲ್ಲಿ ತಪ್ಪು ಕಲ್ಪನೆಯನ್ನು ಹುಟ್ಟಿಸುವುದುಂಟು. ಈ ಗಾಡಿಗಳು ತೂಕದಲ್ಲಿ ಹಗುರವಾದವುಗಳೇನೂ ಅಲ್ಲ. ಒಂದೊಂದು ಗಾಡಿಯ ಭಾರ ನಲವತ್ತು ಟನ್ನಿಗೂ ಮಿಗಿಲಾಗಿರುವುದು ಸಾಮಾನ್ಯ. 1972ರಲ್ಲಿ ಅಮೆರಿಕದ ನಗರ ಸಮೂಹ ಸಾರಿಗೆ ಆಡಳಿತವು ಈ ಹೆಸರನ್ನು ಚಲಾವಣೆಗೆ ತಂದಾಗ ಅದರ ಮನಸ್ಸಿನಲ್ಲಿದ್ದುದು ತೂಕವಲ್ಲ. ನಿರ್ಮಾಣದ ಹೊರೆ ಮತ್ತು ಹೊರುವ ಸಾಮರ್ಥ್ಯ. ಪೂರ್ಣ ಪ್ರಮಾಣದ ಮೆಟ್ರೋ ರೈಲಿಗಿಂತ ಕಡಿಮೆ ಖರ್ಚಿನಲ್ಲಿ, ಕಡಿಮೆ ಅವಧಿಯಲ್ಲಿ ಕಟ್ಟಬಹುದಾದ, ಬಸ್ಸಿಗಿಂತ ಹೆಚ್ಚು ಜನರನ್ನು ಸಾಗಿಸಬಲ್ಲ ನಡುವಣ ವ್ಯವಸ್ಥೆಯನ್ನು ಈ ಪದವು ಸೂಚಿಸುತ್ತದೆ.

ಬೆಂಗಳೂರಿನ ‘ನಮ್ಮ ಮೆಟ್ರೋ’ವನ್ನು ಬಲ್ಲ ಓದುಗರಿಗೆ ಈ ಎರಡರ ಅಂತರವನ್ನು ವಿವರಿಸುವುದು ಸುಲಭ. ನಮ್ಮ ಮೆಟ್ರೋ ತನ್ನ ದಾರಿಯುದ್ದಕ್ಕೂ ರಸ್ತೆಯಿಂದ ಪ್ರತ್ಯೇಕಗೊಂಡಿದೆ. ಮೇಲುಸೇತುವೆಯಲ್ಲೋ ಸುರಂಗದಲ್ಲೋ ಸಾಗುವ ಅದರ ಹಾದಿಗೆ ಕಾರಾಗಲಿ ಪಾದಚಾರಿಯಾಗಲಿ ಅಡ್ಡ ಬರುವಂತಿಲ್ಲ. ಲಘು ರೈಲಿಗೆ ಈ ಕಟ್ಟುಪಾಡಿಲ್ಲ. ಅದು ಸುರಂಗದಲ್ಲಿಯೂ ಹೋಗಬಹುದು, ಸೇತುವೆಯ ಮೇಲೂ ಹೋಗಬಹುದು, ಪೇಟೆಯ ಬೀದಿಯ ನಡುವೆ ಸಂಚಾರ ದೀಪಕ್ಕೆ ಕಾದು ನಿಂತೂ ಹೋಗಬಹುದು. ಈ ಹೊಂದಿಕೆಯ ಗುಣವೇ ಅದರ ಅಗ್ಗದ ಬೆಲೆಗೆ ಕಾರಣ. ಅದರ ತೊಡಕುಗಳಿಗೂ ಇದೇ ಗುಣವು ಕಾರಣವೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾಸ್ ಏಂಜಲೀಸ್ ನಗರದಿಂದ ಲಾಂಗ್ ಬೀಚ್ ಬಂದರಿನವರೆಗೆ 1990ರಲ್ಲಿ ಆರಂಭವಾದ ಲಘು ರೈಲುಮಾರ್ಗವನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಬಹುಕಾಲ ‘ಬ್ಲೂ ಲೈನ್’ ಎಂದು ಹೆಸರಾಗಿದ್ದ ಈ ಮಾರ್ಗಕ್ಕೆ 2019ರಿಂದ ‘ಎ ಲೈನ್’ ಎಂಬ ಹೆಸರಿದೆ. ಕಟ್ಟುವಾಗ ಉಳಿಸಿದ ಹಣವು ನಿಜವಾಗಿ ಉಳಿತಾಯವೇ, ಅಥವಾ ನಡೆಸುವ ಕಾಲಕ್ಕೆ ಮುಂದೂಡಿದ ಸಾಲವೇ ಎಂಬ ಪ್ರಶ್ನೆಗೆ ಈ ಮಾರ್ಗದ ಇತಿಹಾಸವು ಸ್ಪಷ್ಟವಾದ ಉತ್ತರವನ್ನು ನೀಡುತ್ತದೆ.

2. ಕೆಂಪು ಗಾಡಿಗಳ ಯುಗ

ಲಾಸ್ ಏಂಜಲೀಸನ್ನು ಕಾರುಗಳ ನಗರವೆಂದು ಜಗತ್ತು ಬಲ್ಲದು. ಆದರೆ ಆ ನಗರ ಇಂದಿನ ವಿಸ್ತಾರಕ್ಕೆ ಹರಡಿದುದು ಮೊದಲಿಗೆ ರೈಲಿನಿಂದ. 1901ರಲ್ಲಿ ಹೆನ್ರಿ ಹಂಟಿಂಗ್‌ಟನ್ ಎಂಬ ಉದ್ಯಮಿಯು ಪೆಸಿಫಿಕ್ ಎಲೆಕ್ಟ್ರಿಕ್ ರೈಲ್ವೆ ಕಂಪನಿಯನ್ನು ಸ್ಥಾಪಿಸಿದನು. ಕಂಪನಿಯ ಮೊದಲ ದೊಡ್ಡ ಮಾರ್ಗವಾದ ಲಾಂಗ್ ಬೀಚ್ ಮಾರ್ಗವು 1902ರ ಜುಲೈ 4ರಂದು ಆರಂಭವಾಯಿತು. ಹಂಟಿಂಗ್‌ಟನ್ ಭೂವ್ಯಾಪಾರಿಯೂ ಆಗಿದ್ದನೆಂಬುದು ಇಲ್ಲಿ ಗಮನಾರ್ಹ. ಹಳಿ ಹೋದಲ್ಲಿ ಹೊಲಗಳು ನಿವೇಶನಗಳಾದವು. ನಿವೇಶನದ ಲಾಭವು ರೈಲಿನ ನಷ್ಟವನ್ನು ತುಂಬಿಕೊಟ್ಟಿತು. ಸಾವಿರ ಮೈಲಿಗೂ ಮಿಕ್ಕಿ ಹಳಿಗಳನ್ನು ಹೊಂದಿದ್ದ ಈ ಜಾಲದ ಗಾಡಿಗಳನ್ನು ಜನರು ‘ಕೆಂಪು ಗಾಡಿ’ ಎಂದು ಕರೆಯುತ್ತಿದ್ದರು.

ಲಾಸ್ ಏಂಜಲೀಸಿನಿಂದ ವಾಟ್ಸ್‌ವರೆಗಿನ ಭಾಗದಲ್ಲಿ ಕಂಪನಿಯು ನಾಲ್ಕು ಜೊತೆ ಹಳಿಗಳನ್ನು ಹಾಸಿತ್ತು. ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಗಾಡಿಗಳಿಗೂ ವೇಗದ ಗಾಡಿಗಳಿಗೂ ಬೇರೆಬೇರೆ ಹಳಿಗಳಿದ್ದವು. 1904ರಲ್ಲಿ ವಾಟ್ಸ್‌ನಲ್ಲಿ ಕಟ್ಟಿದ ಮರದ ನಿಲ್ದಾಣ ಕಟ್ಟಡವು ಈಗಲೂ ಉಳಿದಿದೆ.

ಈ ವ್ಯವಸ್ಥೆಯ ಅವನತಿಗೆ ಮೋಟಾರು ಕಂಪನಿಗಳ ಸಂಚೇ ಕಾರಣವೆಂಬ ಅಭಿಪ್ರಾಯ ಜನಪ್ರಿಯವಾಗಿದೆ. ಬಸ್ಸು ಮತ್ತು ಬಿಡಿಭಾಗಗಳ ಮಾರಾಟದಲ್ಲಿ ಏಕಸ್ವಾಮ್ಯ ಸ್ಥಾಪಿಸಲು ಸಂಚು ನಡೆಸಿದ ಆರೋಪವು 1949ರಲ್ಲಿ ಜನರಲ್ ಮೋಟಾರ್ಸ್ ಮೊದಲಾದ ಕಂಪನಿಗಳ ಮೇಲೆ ಸಾಬೀತಾಗಿದ್ದುದು ನಿಜ. ಆದರೆ ಆ ಮೊಕದ್ದಮೆಗೆ ಸಂಬಂಧಿಸಿದ ನ್ಯಾಷನಲ್ ಸಿಟಿ ಲೈನ್ಸ್ ಸಂಸ್ಥೆಯ ಹಿಡಿತದಲ್ಲಿದ್ದುದು ನಗರದೊಳಗಿನ ಬೇರೊಂದು ಟ್ರಾಂ ಕಂಪನಿ. ಕೆಂಪು ಗಾಡಿಗಳ ಕಂಪನಿಯಲ್ಲ. ಕೆಂಪು ಗಾಡಿಗಳನ್ನು ಸೋಲಿಸಿದ ಕಾರಣಗಳಲ್ಲಿ ಮುಖ್ಯವಾದುದು ಬೀದಿಯೇ. ಕಾರುಗಳು ಹೆಚ್ಚಿದಂತೆ ಲೆವೆಲ್ ಕ್ರಾಸಿಂಗುಗಳಲ್ಲಿ ರೈಲುಗಳು ತಡೆಯತೊಡಗಿದವು. ಪೇಟೆಯ ಬೀದಿಗಳಲ್ಲಿ ಕಾರುಗಳ ಹಿಂದೆ ತೆವಳತೊಡಗಿದವು. ಪ್ರಯಾಣ ನಿಧಾನವಾದಂತೆ ಜನರು ಬಿಟ್ಟುಹೋದರು, ಜನರು ಬಿಟ್ಟುಹೋದಂತೆ ಆದಾಯ ಕುಸಿಯಿತು. 1953ರಲ್ಲಿ ಪ್ರಯಾಣಿಕ ಸೇವೆಯು ಖಾಸಗಿ ಬಸ್ ಕಂಪನಿಯೊಂದರ ಕೈಗೂ, 1958ರಲ್ಲಿ ಸಾರ್ವಜನಿಕ ಪ್ರಾಧಿಕಾರದ ಕೈಗೂ ಹೋಯಿತು. ಕೆಂಪು ಗಾಡಿಗಳ ಪೈಕಿ ಕಟ್ಟಕಡೆಗೆ ಉಳಿದಿದ್ದ ಲಾಂಗ್ ಬೀಚ್ ಮಾರ್ಗವು 1961ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ಪ್ರಯಾಣಿಕರ ಗಾಡಿ ನಿಂತರೂ ಹಾದಿ ಮಾತ್ರ ಅಳಿಯಲಿಲ್ಲ. ಸದರನ್ ಪೆಸಿಫಿಕ್ ಕಂಪನಿಯ ಸರಕು ಗಾಡಿಗಳು ಅದರ ಮೇಲೆ ಓಡಾಡುತ್ತಲೇ ಇದ್ದವು. ಮುಂದಿನ ಕಥೆಗೆ ಆಧಾರವಾದುದು ಈ ಅಂಶವೇ.

3. ರೈಲಿಲ್ಲದ ವಾಟ್ಸ್

ರೈಲು ನಿಂತ ನಾಲ್ಕು ವರ್ಷಗಳಲ್ಲಿ, 1965ರ ಆಗಸ್ಟ್‌ನಲ್ಲಿ, ಆಫ್ರಿಕನ್ ಅಮೆರಿಕನ್ನರು ಹೆಚ್ಚಾಗಿ ವಾಸಿಸುತ್ತಿದ್ದ ವಾಟ್ಸ್ ಪ್ರದೇಶದಲ್ಲಿ ದೊಡ್ಡ ದಂಗೆ ನಡೆಯಿತು. 34 ಜನರು ಪ್ರಾಣ ಕಳೆದುಕೊಂಡರು. ಸುತ್ತಲಿನ ಅಂಗಡಿಗಳು ಉರಿದುಹೋದರೂ 1904ರ ಮರದ ನಿಲ್ದಾಣಕ್ಕೆ ಮಾತ್ರ ಬೆಂಕಿ ತಾಗಲಿಲ್ಲ.

ದಂಗೆಯ ಕಾರಣಗಳನ್ನು ಶೋಧಿಸಲು ಜಾನ್ ಮೆಕೋನ್ ಅಧ್ಯಕ್ಷತೆಯಲ್ಲಿ ಆಯೋಗವೊಂದು ನೇಮಕವಾಯಿತು. ಪೊಲೀಸ್ ವರ್ತನೆ, ನಿರುದ್ಯೋಗ, ಶಿಕ್ಷಣ ಮೊದಲಾದ ವಿಷಯಗಳೊಂದಿಗೆ ಸಾರಿಗೆಯನ್ನೂ ಆಯೋಗವು 1965ರ ಡಿಸೆಂಬರಿನ ತನ್ನ ವರದಿಯಲ್ಲಿ ಪ್ರಸ್ತಾಪಿಸಿತು. ಸಾಲದ ಮತ್ತು ದುಬಾರಿಯಾದ ಸಾರ್ವಜನಿಕ ಸಾರಿಗೆಯು ಅಲ್ಲಿನ ನಿವಾಸಿಗಳಿಗೆ ಕೆಲಸ ಹುಡುಕಿಕೊಂಡು ಹೋಗಲು, ಶಾಲೆ ಆಸ್ಪತ್ರೆಗಳನ್ನು ತಲುಪಲು ಅಡ್ಡಿಯಾಗಿದೆಯೆಂದು ಅದು ಅಭಿಪ್ರಾಯಪಟ್ಟಿತು. ರೈಲು ನಿಂತುದರಿಂದಲೇ ದಂಗೆಯಾಯಿತೆಂದು ಹೇಳುವುದು ಅತಿ ಸರಳೀಕರಣವಾದೀತು. ಆದರೆ ಕಾರಿಲ್ಲದವನಿಗೆ ನಗರವು ಎಷ್ಟು ದೂರವಾಗಿತ್ತೆಂಬುದನ್ನು ಸರ್ಕಾರಿ ವರದಿಯೊಂದು ಒಪ್ಪಿಕೊಂಡಿತೆಂಬುದು ಮುಖ್ಯ. ಲಾಂಗ್ ಬೀಚ್ ಮಾರ್ಗದ ಪುನರುಜ್ಜೀವನವನ್ನು ಬೆಂಬಲಿಸಿದವರ ವಾದದಲ್ಲಿ ಈ ನೆನಪಿಗೆ ಸ್ಥಾನವಿತ್ತು.

4. ಅರ್ಧ ಸೆಂಟಿನ ತೆರಿಗೆ

1970ರ ದಶಕದ ಇಂಧನ ಬಿಕ್ಕಟ್ಟಿನ ಬಳಿಕ ಉತ್ತರ ಅಮೆರಿಕದ ನಗರಗಳು ಮತ್ತೆ ಹಳಿಯ ಕಡೆಗೆ ತಿರುಗಿದವು. 1978ರಲ್ಲಿ ಕೆನಡಾದ ಎಡ್‌ಮಂಟನ್ನಿನಲ್ಲಿಯೂ 1981ರಲ್ಲಿ ಲಾಸ್ ಏಂಜಲೀಸಿನ ನೆರೆಯ ಸ್ಯಾನ್ ಡಿಯೇಗೊದಲ್ಲಿಯೂ ಲಘು ರೈಲುಗಳು ಆರಂಭವಾದವು. ಲಾಸ್ ಏಂಜಲೀಸ್ ಕೌಂಟಿಯ ಮತದಾರರು ಅಲ್ಲಿಯವರೆಗೆ ರೈಲಿನ ತೆರಿಗೆ ಪ್ರಸ್ತಾವಗಳನ್ನು ತಿರಸ್ಕರಿಸುತ್ತಲೇ ಬಂದಿದ್ದರು. 1980ರ ನವೆಂಬರಿನಲ್ಲಿ ಕೌಂಟಿಯ ಮೇಲ್ವಿಚಾರಕರಲ್ಲೊಬ್ಬರಾದ ಕೆನೆತ್ ಹಾನ್ ಅವರ ಮುಂದಾಳುತನದಲ್ಲಿ ‘ಪ್ರಪೊಸಿಷನ್ ಎ’ ಎಂಬ ಪ್ರಸ್ತಾವವು ಮತಕ್ಕೆ ಬಂದಿತು. ಒಂದು ಡಾಲರಿನ ಖರೀದಿಯ ಮೇಲೆ ಅರ್ಧ ಸೆಂಟಿನ ಮಾರಾಟ ತೆರಿಗೆ ವಿಧಿಸಿ ಆ ಹಣವನ್ನು ಸಾರಿಗೆಗೆ ಬಳಸಬೇಕೆಂಬುದು ಅದರ ಸಾರ. ಸುಮಾರು ನೂರಕ್ಕೆ 54ರಷ್ಟು ಮತ ಪಡೆದು ಅದು ಗೆದ್ದಿತು. ಇಂತಹ ತೆರಿಗೆಗೆ ಮೂರನೇ ಎರಡರಷ್ಟು ಬಹುಮತ ಬೇಕೆಂಬ ಆಕ್ಷೇಪವನ್ನು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1982ರಲ್ಲಿ ತಳ್ಳಿಹಾಕಿದ ಮೇಲೆ ಹಣದ ಬಳಕೆಗೆ ದಾರಿ ತೆರೆಯಿತು.

ಮತದಾರರನ್ನು ಒಲಿಸಿದ ಅಂಶಗಳಲ್ಲಿ ರೈಲಿನಷ್ಟೇ ಮುಖ್ಯವಾದುದು ಬಸ್ಸಿನ ದರ. ಮೊದಲ ಮೂರು ವರ್ಷಗಳ ಕಾಲ ತೆರಿಗೆಯ ಹಣದಿಂದ ಬಸ್ ಪ್ರಯಾಣದರವನ್ನು 50 ಸೆಂಟಿಗೆ ಇಳಿಸಲಾಯಿತು. ಬಸ್ಸುಗಳು ತುಂಬಿ ಹರಿದವು. 1985ರಲ್ಲಿ ಆ ಅವಧಿ ಮುಗಿದಾಗ ತೆರಿಗೆಯ ನೂರಕ್ಕೆ 35 ಭಾಗವು ರೈಲಿಗೆ ಮೀಸಲಾಯಿತು, ಬಸ್ಸಿನ ದರ ಏರಿತು. ಬಸ್ಸು ಮತ್ತು ರೈಲಿನ ನಡುವಣ ಮುಂದಿನ ವ್ಯಾಜ್ಯದ ಬೀಜ ಇಲ್ಲಿಯೇ ಇದೆ.

ಮೊದಲ ಮಾರ್ಗವಾಗಿ ಲಾಂಗ್ ಬೀಚನ್ನು ಆಯ್ದುಕೊಂಡುದಕ್ಕೆ ಕಾರಣ ಹಳೆಯ ಹಾದಿ. ಜನ ತುಂಬಿದ ನಗರದಲ್ಲಿ ಹೊಸ ರೈಲಿಗೆ ಅತಿ ದುಬಾರಿಯಾದುದು ಉಕ್ಕಲ್ಲ, ವಿದ್ಯುತ್ತಲ್ಲ. ಇಪ್ಪತ್ತು ಮೈಲಿಯುದ್ದಕ್ಕೂ ಕಡಿವಡೆಯದ ಪಟ್ಟಿ ಭೂಮಿ. ಅದು ಸರಕು ಗಾಡಿಗಳ ದೆಸೆಯಿಂದ ಹಾಗೆಯೇ ಉಳಿದಿತ್ತು. ಸದರನ್ ಪೆಸಿಫಿಕ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಸರಕಿನ ಹಳಿಗಳನ್ನು ಒಂದು ಮಗ್ಗುಲಿಗೆ ಸರಿಸಿ, ಅದೇ ಹಾದಿಯಲ್ಲಿ ಪ್ರಯಾಣಿಕರ ಜೋಡಿ ಹಳಿಗಳನ್ನು ಹಾಸಲಾಯಿತು. 1985ರ ಅಕ್ಟೋಬರಿನಲ್ಲಿ ಕೆಲಸ ಆರಂಭವಾಗಿ 1990ರ ಜುಲೈ 14ರಂದು ಸಂಚಾರ ಮೊದಲಾಯಿತು. ಒಟ್ಟು ವೆಚ್ಚ 87 ಕೋಟಿ 70 ಲಕ್ಷ ಡಾಲರು. ಕೇಂದ್ರ ಸರ್ಕಾರದ ಸಹಾಯಧನವಿಲ್ಲದೆ, ಸ್ಥಳೀಯ ತೆರಿಗೆಯ ಬಲದಿಂದ ಈ ಮಾರ್ಗ ಸಿದ್ಧವಾಯಿತು. 1991ರ ಫೆಬ್ರವರಿಯಲ್ಲಿ ಅದು ನಗರದ ನಡುವಣ ಸೆವೆಂತ್ ಸ್ಟ್ರೀಟ್–ಮೆಟ್ರೋ ಸೆಂಟರ್ ನಿಲ್ದಾಣವನ್ನು ಸುರಂಗದ ಮೂಲಕ ತಲುಪಿತು. ಆಗ ಮಾರ್ಗದ ಉದ್ದ ಸುಮಾರು 35 ಕಿಲೋಮೀಟರು, ನಿಲ್ದಾಣಗಳು 22.

5. ಮಾರ್ಗದ ರಚನೆ ಮತ್ತು ಕಾರ್ಯವಿಧಾನ

ಈ 35 ಕಿಲೋಮೀಟರುಗಳಲ್ಲಿ ರೈಲು ಮೂರು ಬಗೆಯಾಗಿ ನಡೆದುಕೊಳ್ಳುತ್ತದೆ. ನಗರದ ನಡುವೆ ಚಿಕ್ಕ ಸುರಂಗದಲ್ಲಿ ಅದು ಮೆಟ್ರೋ. ಸುರಂಗದಿಂದ ಹೊರಬಂದು ಫ್ಲವರ್ ಸ್ಟ್ರೀಟ್ ಹಾಗೂ ವಾಷಿಂಗ್‌ಟನ್ ಬೂಲವಾರ್ಡ್‌ಗಳಲ್ಲಿಯೂ, ದಕ್ಷಿಣದ ತುದಿಯಲ್ಲಿ ಲಾಂಗ್ ಬೀಚಿನ ಬೀದಿಗಳಲ್ಲಿಯೂ ಅದು ಟ್ರಾಂ. ಇವೆರಡರ ನಡುವಣ ಉದ್ದನೆಯ ಭಾಗದಲ್ಲಿ, ಕೆಂಪು ಗಾಡಿಯ ಹಳೆಯ ಹಾದಿಯಲ್ಲಿ, ಅದು ವೇಗದ ರೈಲು.

ನಡುವಣ ಭಾಗದಲ್ಲಿ ಗಾಡಿಯ ಗರಿಷ್ಠ ವೇಗ ಗಂಟೆಗೆ ಸುಮಾರು 88 ಕಿಲೋಮೀಟರು. ಮುಂದಿನ ಹಳಿ ತೆರವಾಗಿದೆಯೇ ಎಂಬುದನ್ನು ಸಂಕೇತ ವ್ಯವಸ್ಥೆಯೇ ನೋಡಿಕೊಳ್ಳುತ್ತದೆ, ಅಡ್ಡರಸ್ತೆಗಳಿಗೆ ಗೇಟುಗಳಿವೆ. ಬೀದಿಯ ಭಾಗದಲ್ಲಿ ವೇಗದ ಮಿತಿ ಸುಮಾರು 56 ಕಿಲೋಮೀಟರು. ಅಲ್ಲಿ ಚಾಲಕನು ಬಸ್ಸಿನ ಚಾಲಕನಂತೆ ಕಣ್ಣಳತೆಯಲ್ಲಿ ಗಾಡಿ ನಡೆಸಬೇಕು. ಗೇಟುಗಳಿಲ್ಲ, ಸಂಚಾರ ದೀಪಗಳ ಪಕ್ಕದಲ್ಲಿ ರೈಲಿಗೆಂದೇ ಇರುವ ಅಡ್ಡಗೀಟು, ನೆಟ್ಟಗೀಟುಗಳ ಬಿಳಿ ಸಂಕೇತಗಳಿವೆ. ಅಡ್ಡಗೀಟೆಂದರೆ ನಿಲ್ಲಬೇಕು, ನೆಟ್ಟಗೀಟೆಂದರೆ ಹೊರಡಬೇಕು.

ಗಾಡಿಗೆ ಬೇಕಾದ 750 ವೋಲ್ಟಿನ ನೇರ ವಿದ್ಯುತ್ತು ಮೇಲಿನ ತಂತಿಯಿಂದ ಬರುತ್ತದೆ. ನಮ್ಮ ಮೆಟ್ರೋದ ಹಸಿರು ಮತ್ತು ನೇರಳೆ ಮಾರ್ಗಗಳಲ್ಲಿಯೂ ಇಷ್ಟೇ ವೋಲ್ಟಿನ ವಿದ್ಯುತ್ತಿದ್ದರೂ ಅಲ್ಲಿ ಅದು ಹಳಿಯ ಪಕ್ಕದ ಮೂರನೇ ಹಳಿಯಲ್ಲಿ ಹರಿಯುತ್ತದೆ. ಜನ ದಾಟಿ ನಡೆಯುವ ಬೀದಿಯಲ್ಲಿ ಮೂರನೇ ಹಳಿಯನ್ನು ಹಾಕುವಂತಿಲ್ಲ. ಆದ್ದರಿಂದಲೇ ಲಘು ರೈಲಿಗೆ ಮೇಲಿನ ತಂತಿ ಅನಿವಾರ್ಯ. ಒಂದೊಂದು ಗಾಡಿಯೂ ಸುಮಾರು 27 ಮೀಟರು ಉದ್ದವಿದ್ದು, ಬೀದಿಯ ತಿರುವುಗಳಲ್ಲಿ ಬಾಗಲು ಅನುಕೂಲವಾಗುವಂತೆ ನಡುವೆ ಕೀಲುಗೂಡಿದೆ. ಮೊದಲ 54 ಗಾಡಿಗಳನ್ನು ಜಪಾನಿನ ನಿಪ್ಪಾನ್ ಶಾರ್ಯೊ ಕಂಪನಿ ತಯಾರಿಸಿತು. ಆರಂಭದಲ್ಲಿ ಎರಡು ಗಾಡಿಗಳ ರೈಲುಗಳಿಗಾಗಿ ಕಟ್ಟಿದ ಪ್ಲಾಟ್‌ಫಾರಂಗಳನ್ನು ಜನದಟ್ಟಣೆಯ ಕಾರಣದಿಂದ ಮುಂದೆ ಮೂರು ಗಾಡಿಗಳಿಗೆ ಸಾಲುವಂತೆ ಉದ್ದಗೊಳಿಸಬೇಕಾಯಿತು. ಕಟ್ಟುವಾಗ ಮಾಡಿದ ಮಿತವ್ಯಯವು ನಡೆಸುವಾಗ ಖರ್ಚಾಗಿ ಮರಳಿದುದಕ್ಕೆ ಇದು ಮೊದಲ ನಿದರ್ಶನ.

ಎರಡನೆಯ ನಿದರ್ಶನ ಫ್ಲವರ್ ಮತ್ತು ವಾಷಿಂಗ್‌ಟನ್ ರಸ್ತೆಗಳು ಕೂಡುವ ಸ್ಥಳದಲ್ಲಿ ದೊರೆಯುತ್ತದೆ. 2012ರ ಏಪ್ರಿಲ್‌ನಲ್ಲಿ ಎಕ್ಸ್‌ಪೊ ಮಾರ್ಗವು, ಈಗಿನ ಇ ಲೈನ್, ಇಲ್ಲಿಯೇ ಬಂದು ಕೂಡಿಕೊಂಡಿತು. ಎರಡು ರೈಲುಮಾರ್ಗಗಳು ಕವಲೊಡೆಯುವುದು ನಡುಬೀದಿಯಲ್ಲಿ, ಕಾರುಗಳ ಮಟ್ಟದಲ್ಲಿಯೇ. ಪ್ರತಿ ಮಾರ್ಗದಲ್ಲಿ ಎಂಟು ನಿಮಿಷಕ್ಕೊಂದು ರೈಲು ಹೋಗಿಬಂದರೆ ಈ ಕೂಡುದಾಣವನ್ನು ಸರಾಸರಿ ಎರಡು ನಿಮಿಷಕ್ಕೊಂದು ರೈಲು ದಾಟಬೇಕಾಗುತ್ತದೆ. ಪ್ರತಿಯೊಂದು ರೈಲಿಗೂ ಹಸಿರು ದೀಪ ತೋರಿಸಿದರೆ ಅಡ್ಡರಸ್ತೆಯ ವಾಹನಗಳಿಗೆ ಅವಕಾಶವೇ ಉಳಿಯದು. ವಾಹನಗಳಿಗೆ ಅವಕಾಶ ಕೊಟ್ಟರೆ ನೂರಾರು ಜನರನ್ನು ಹೊತ್ತ ರೈಲು ಕೆಂಪು ದೀಪಕ್ಕೆ ಕಾಯಬೇಕು. ಒಂದು ಕೂಡುದಾಣದ ವಿಳಂಬವು ಇಡೀ ಮಾರ್ಗದ ವೇಳಾಪಟ್ಟಿಯನ್ನು ಏರುಪೇರು ಮಾಡುತ್ತದೆ. ಕೆಂಪು ಗಾಡಿಯನ್ನು ಸೋಲಿಸಿದ ತೊಡಕೇ ಹೊಸ ರೈಲಿಗೂ ಅಂಟಿಕೊಂಡಿತು.

6. ಲೆವೆಲ್ ಕ್ರಾಸಿಂಗಿನ ಬೆಲೆ

ಸಮಯದ ನಷ್ಟಕ್ಕಿಂತ ಘೋರವಾದುದು ಪ್ರಾಣನಷ್ಟ. ಸ್ಲಾಸನ್, ಫೈರ್‌ಸ್ಟೋನ್, ಡೆಲ್ ಆಮೊದಂತಹ ಕೆಲವೆಡೆಗಳಲ್ಲಿ ಮಾತ್ರ ಹಳಿಯನ್ನು ಸೇತುವೆಯ ಮೇಲೆ ಏರಿಸಲಾಯಿತು. ಮಿಕ್ಕಂತೆ ಮಾರ್ಗದುದ್ದಕ್ಕೂ ಸುಮಾರು ನೂರು ಕಡೆ ರಸ್ತೆಯೂ ರೈಲೂ ಒಂದೇ ಮಟ್ಟದಲ್ಲಿ ಕೂಡುತ್ತವೆ. ಮೊದಲ ಕಾಲು ಶತಮಾನದಲ್ಲಿ, ಆತ್ಮಹತ್ಯೆಗಳೂ ಸೇರಿದಂತೆ, ನೂರಕ್ಕೂ ಹೆಚ್ಚು ಜನರು ಈ ಹಳಿಗಳ ಮೇಲೆ ಪ್ರಾಣ ಕಳೆದುಕೊಂಡರು. ದೇಶದ ಅತ್ಯಂತ ಅಪಾಯಕಾರಿ ಲಘು ರೈಲುಮಾರ್ಗಗಳಲ್ಲೊಂದೆಂಬ ಅಪಕೀರ್ತಿ ಇದಕ್ಕೆ ಬಂದಿತು.

ಅಪಘಾತಗಳು ಎರಡು ಬಗೆಯವು. ಬೀದಿಯ ಭಾಗದಲ್ಲಿ ರೈಲಿನ ಜೊತೆಜೊತೆಗೇ ಸಾಗುವ ಕಾರಿನ ಚಾಲಕನು ಹಿಂದಿನಿಂದ ಬರುವ ರೈಲನ್ನು ಗಮನಿಸದೆ ಎಡಕ್ಕೆ ತಿರುಗಿ ಹಳಿಯ ಮೇಲೆ ಬಂದುಬಿಡುತ್ತಾನೆ. ನಡುವಣ ಭಾಗದ ಅಪಘಾತಗಳಿಗೆ ಕಾರಣ ಬೇರೆ. ಅಲ್ಲಿ ಪ್ರಯಾಣಿಕರ ಹಳಿಗಳ ಪಕ್ಕದಲ್ಲಿಯೇ ಸರಕಿನ ಹಳಿಯೂ ಇದೆ. ನಿಧಾನವಾಗಿ ತೆವಳುವ ಸರಕು ಗಾಡಿಗಾಗಿ ಹಲವು ನಿಮಿಷ ಕಾದು ಬೇಸತ್ತವರು, ಅದು ದಾಟಿದೊಡನೆ ಹಳಿ ತೆರವಾಯಿತೆಂದು ಭಾವಿಸಿ ಹೆಜ್ಜೆಯಿಡುತ್ತಾರೆ. ಮರೆಯಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬರುತ್ತಿರುತ್ತದೆ. ಪೂರ್ಣ ವೇಗದಲ್ಲಿರುವ ಗಾಡಿಗೆ ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ನೂರು ಮೀಟರಿಗೂ ಹೆಚ್ಚು ದೂರ ಬೇಕು. ಚಾಲಕನಿಗೆ ಕಂಡ ಮೇಲೆ ತಪ್ಪಿಸುವ ಅವಕಾಶವೇ ಇರುವುದಿಲ್ಲ.

ಪರಿಹಾರದ ಪ್ರಯತ್ನಗಳು ಹಂತಹಂತವಾಗಿ ನಡೆದವು. ಗೇಟನ್ನು ಸುತ್ತಿಕೊಂಡು ನುಗ್ಗುವ ವಾಹನಗಳ ಛಾಯಾಚಿತ್ರ ತೆಗೆದು ದಂಡ ವಿಧಿಸುವ ಕ್ರಮವು 1990ರ ದಶಕದಲ್ಲಿಯೇ ಜಾರಿಗೆ ಬಂದು, ಅಂತಹ ಉಲ್ಲಂಘನೆಗಳು ಬಹುಮಟ್ಟಿಗೆ ಇಳಿದವು. ಸಾಮಾನ್ಯ ಗೇಟು ರಸ್ತೆಯ ಅರ್ಧವನ್ನಷ್ಟೇ ಮುಚ್ಚುವುದರಿಂದ ಉಳಿದರ್ಧದಲ್ಲಿ ನುಸುಳಲು ಎಡೆಯಿರುತ್ತದೆ. ಇದನ್ನು ತಪ್ಪಿಸಲು ನಾಲ್ಕೂ ಮೂಲೆಗಳಿಂದ ಇಳಿಯುವ ಗೇಟುಗಳನ್ನು 1990ರ ದಶಕದ ಕೊನೆಯಲ್ಲಿ ಮೊದಲು ಒಂದು ಕಡೆ ಪ್ರಯೋಗಿಸಿ ನೋಡಲಾಯಿತು. 2010ರ ದಶಕದಲ್ಲಿ ಪಾದಚಾರಿಗಳಿಗಾಗಿ ಪ್ರತ್ಯೇಕ ಗೇಟುಗಳನ್ನು ಅಳವಡಿಸಿದರು. ಹಳಿಯ ಕಡೆಗೆ ಹೋಗುವವನು ಈ ಗೇಟನ್ನು ತನ್ನ ಕಡೆಗೆ ಎಳೆದು ತೆರೆಯಬೇಕು. ಹೊರಬರುವವನು ತಳ್ಳಿದರೆ ಸಾಕು. ಎಳೆಯಲು ಒಂದು ಕ್ಷಣ ನಿಲ್ಲಲೇಬೇಕಾಗುತ್ತದೆ, ಆ ಕ್ಷಣದಲ್ಲಿ ತಲೆಯೆತ್ತಿ ನೋಡುವ ಅವಕಾಶ ದೊರೆಯುತ್ತದೆ. ನಿವೃತ್ತ ಚಾಲಕರನ್ನು ಕ್ರಾಸಿಂಗುಗಳಲ್ಲಿ ನಿಲ್ಲಿಸಿ ಜನರಿಗೆ ತಿಳಿವಳಿಕೆ ನೀಡುವ ಏರ್ಪಾಡೂ ಆಯಿತು.

ಇಲ್ಲಿ ಒಂದು ನೈತಿಕ ಪ್ರಶ್ನೆಯಿದೆ. ಸೇತುವೆಗಳಿಗೆ ಆಗಬಹುದಾಗಿದ್ದ ಖರ್ಚು ಇಡೀ ಕೌಂಟಿಯ ತೆರಿಗೆದಾರರ ಮೇಲೆ ಹಂಚಿಹೋಗುತ್ತಿತ್ತು. ಸೇತುವೆಗಳಿಲ್ಲದೆ ಉಂಟಾದ ಅಪಾಯವಾದರೋ ವಾಟ್ಸ್, ವಿಲ್ಲೋಬ್ರೂಕ್, ಕಾಂಪ್ಟನ್ ಮೊದಲಾದ, ಹಳಿಯನ್ನು ದಿನವೂ ಕಾಲ್ನಡಿಗೆಯಲ್ಲಿ ದಾಟಬೇಕಾದ ಬಡ ಬಡಾವಣೆಗಳ ಮೇಲೆ ಬಿದ್ದಿತು. ರೈಲು ಯಾರಿಗಾಗಿ ಮರಳಿ ಬಂದಿತೋ ಅವರೇ ಅದರ ಅಗ್ಗದ ನಿರ್ಮಾಣದ ಬೆಲೆಯನ್ನೂ ತೆತ್ತರು.

7. ಬಸ್ಸು ಮತ್ತು ರೈಲಿನ ವ್ಯಾಜ್ಯ

ರೈಲು ಬಂದುದು ಬಡವರಿಗೆ ಅನುಕೂಲವಾಯಿತೇ ಎಂಬ ಪ್ರಶ್ನೆ ನ್ಯಾಯಾಲಯವನ್ನೂ ಮುಟ್ಟಿತು. 1993ರಲ್ಲಿ ರೈಲು ಕಟ್ಟುವ ಆಯೋಗವನ್ನೂ ಬಸ್ಸು ನಡೆಸುವ ಸಂಸ್ಥೆಯನ್ನೂ ಕೂಡಿಸಿ ಒಂದೇ ಮಹಾನಗರ ಸಾರಿಗೆ ಪ್ರಾಧಿಕಾರವನ್ನು ರಚಿಸಲಾಗಿತ್ತು. 1994ರಲ್ಲಿ ಅದು ಬಸ್ ದರವನ್ನು 1 ಡಾಲರು 10 ಸೆಂಟಿನಿಂದ 1 ಡಾಲರು 35 ಸೆಂಟಿಗೆ ಏರಿಸಿ ತಿಂಗಳ ಪಾಸನ್ನು ರದ್ದುಪಡಿಸಲು ಮುಂದಾಯಿತು. ಬಸ್ ಪ್ರಯಾಣಿಕರ ಸಂಘಟನೆಯೂ ಅದರ ಸಹವರ್ತಿಗಳೂ ಮೊಕದ್ದಮೆ ಹೂಡಿದರು. ಬಹುಪಾಲು ಬಡವರೂ ಅಲ್ಪಸಂಖ್ಯಾತರೂ ಆದ ಬಸ್ ಪ್ರಯಾಣಿಕರ ಹಣ ರೈಲಿಗೆ ಹೋಗುತ್ತಿದೆ, ಇದು ಜನಾಂಗೀಯ ತಾರತಮ್ಯ ಎಂಬುದು ಅವರ ವಾದ. 1996ರಲ್ಲಿ ರಾಜಿಯಾಯಿತು. ಪಾಸನ್ನು ಉಳಿಸಿಕೊಳ್ಳಲು, ಬಸ್ಸುಗಳ ನೂಕುನುಗ್ಗಲನ್ನು ತಗ್ಗಿಸಲು ಪ್ರಾಧಿಕಾರವು ಹತ್ತು ವರ್ಷಗಳ ಮಟ್ಟಿಗೆ ಬದ್ಧವಾಯಿತು.

ಈ ವ್ಯಾಜ್ಯದಲ್ಲಿ ರೈಲು ಮತ್ತು ಬಸ್ಸನ್ನು ಎದುರಾಳಿಗಳಂತೆ ಕಾಣಲಾಯಿತಾದರೂ ಲಾಂಗ್ ಬೀಚ್ ಮಾರ್ಗದ ಅನುಭವ ಸ್ವಲ್ಪ ಭಿನ್ನ. ಅದರ ಪ್ರಯಾಣಿಕರೂ ಬಹುಪಾಲು ದುಡಿಯುವ ವರ್ಗದವರೇ. ನಿಲ್ದಾಣವನ್ನು ತಲುಪಲು ಅವರಲ್ಲಿ ಹಲವರಿಗೆ ಬಸ್ಸು ಬೇಕು. 2010ರ ದಶಕದ ಮೊದಲ ವರ್ಷಗಳಲ್ಲಿ ಕೆಲಸದ ದಿನಗಳಂದು ಎಂಬತ್ತು ಸಾವಿರಕ್ಕೂ ಹೆಚ್ಚು ಪ್ರಯಾಣಗಳನ್ನು ಕಂಡ ಈ ಮಾರ್ಗವು ದೇಶದ ಅತಿ ದಟ್ಟಣೆಯ ಲಘು ರೈಲುಮಾರ್ಗಗಳ ಸಾಲಿಗೆ ಸೇರಿತ್ತು. ಬಸ್ಸನ್ನು ಬಡಕಲಾಗಿಸಿ ರೈಲನ್ನು ಬೆಳೆಸಿದರೆ ರೈಲಿಗೂ ಜನ ಬರಲಾರರೆಂಬುದು ಇದರಿಂದ ಸ್ಪಷ್ಟ.

8. ನವೀಕರಣ ಮತ್ತು ವಿಸ್ತರಣೆ

ಮೂವತ್ತು ವರ್ಷಗಳ ದುಡಿಮೆಯಿಂದ ಹಳಿ, ತಂತಿ, ಸಂಕೇತಗಳು ಸವೆದವು. 2019ರ ಜನವರಿಯಿಂದ ಮೊದಲು ದಕ್ಷಿಣಾರ್ಧವನ್ನೂ ಬಳಿಕ ಉತ್ತರಾರ್ಧವನ್ನೂ ಮುಚ್ಚಿ, ಬದಲಿ ಬಸ್ಸುಗಳನ್ನು ಓಡಿಸಿ, 35 ಕೋಟಿ ಡಾಲರು ವೆಚ್ಚದಲ್ಲಿ ನವೀಕರಣ ಮಾಡಲಾಯಿತು. ಒಂದು ಹಳಿಯಿಂದ ಇನ್ನೊಂದಕ್ಕೆ ಗಾಡಿಯನ್ನು ದಾಟಿಸುವ ಹೊಸ ಅಡ್ಡಹಳಿಗಳು ಇದರಲ್ಲಿ ಮುಖ್ಯವಾದವು. ಇವು ವಿರಳವಾಗಿದ್ದರೆ ಎಲ್ಲಿಯೋ ಕೆಟ್ಟು ನಿಂತ ಒಂದು ಗಾಡಿಯು ಉದ್ದನೆಯ ಭಾಗವನ್ನೇ ಸ್ತಬ್ಧಗೊಳಿಸುತ್ತದೆ. ಆ ವರ್ಷದ ನವೆಂಬರ್ 2ರಂದು ಮಾರ್ಗವು ಎ ಲೈನ್ ಎಂಬ ಹೆಸರಿನಲ್ಲಿ ಮತ್ತೆ ಆರಂಭವಾಯಿತು.

2023ರ ಜೂನ್ 16ರಂದು ನಗರದ ನಡುವೆ ಸುಮಾರು 3 ಕಿಲೋಮೀಟರಿನ ಹೊಸ ಸುರಂಗವು ತೆರೆಯಿತು. ಅದುವರೆಗೆ ಮೆಟ್ರೋ ಸೆಂಟರಿನಲ್ಲಿ ಕೊನೆಗೊಳ್ಳುತ್ತಿದ್ದ ರೈಲುಗಳು ಮುಂದೆ ಸಾಗಿ, 2003ರಲ್ಲಿ ಪಸಡೀನಾವರೆಗೆ ಆರಂಭವಾಗಿ 2016ರಲ್ಲಿ ಅಜೂಸಾವರೆಗೆ ಬೆಳೆದಿದ್ದ ಮತ್ತೊಂದು ಮಾರ್ಗವನ್ನು ಕೂಡಿಕೊಂಡವು. 2025ರ ಸೆಪ್ಟೆಂಬರ್ 19ರಂದು ಪೊಮೋನಾವರೆಗಿನ ನಾಲ್ಕು ನಿಲ್ದಾಣಗಳ ವಿಸ್ತರಣೆಯೂ ಆರಂಭವಾಯಿತು. ಹೀಗೆ ಎ ಲೈನಿನ ಉದ್ದ ಸುಮಾರು 93 ಕಿಲೋಮೀಟರಿಗೂ ನಿಲ್ದಾಣಗಳ ಸಂಖ್ಯೆ 48ಕ್ಕೂ ಏರಿ, ಅದು ಜಗತ್ತಿನ ಅತಿ ಉದ್ದನೆಯ ಲಘು ರೈಲುಮಾರ್ಗವೆನಿಸಿತು. ಬೆಲ್ಜಿಯಂನ ಪ್ರಸಿದ್ಧ ಕರಾವಳಿ ಟ್ರಾಂ ಮಾರ್ಗದ ಉದ್ದ 67 ಕಿಲೋಮೀಟರು. ಪಸಡೀನಾ ಕಡೆಯ ಭಾಗವೂ ಹಳೆಯ ಸಾಂಟಾ ಫೆ ರೈಲಿನ ಹಾದಿಯನ್ನೇ ಬಳಸಿದೆ. ಇ ಲೈನ್ ಕೂಡ ಬಹುಮಟ್ಟಿಗೆ ಕೆಂಪು ಗಾಡಿಯ ಇನ್ನೊಂದು ಹಾದಿಯ ಮೇಲೆ ನಿಂತಿದೆ.

ವೆಚ್ಚದ ಹೋಲಿಕೆ ಇಲ್ಲಿ ಬೋಧಪ್ರದವಾಗಿದೆ. 3 ಕಿಲೋಮೀಟರಿನ ಸುರಂಗಕ್ಕೆ ಸುಮಾರು 180 ಕೋಟಿ ಡಾಲರು ಖರ್ಚಾಯಿತು. 1990 ಮತ್ತು 2023ರ ನಡುವೆ ಅಮೆರಿಕದಲ್ಲಿ ಬೆಲೆಗಳು ಎರಡು ಪಟ್ಟಿಗಿಂತ ತುಸು ಹೆಚ್ಚಾಗಿವೆ. ಆ ಲೆಕ್ಕದಲ್ಲಿ ಮೊದಲಿನ 35 ಕಿಲೋಮೀಟರಿನ ಇಡೀ ಮಾರ್ಗಕ್ಕೂ ಈ ಚಿಕ್ಕ ಸುರಂಗಕ್ಕೂ ತಗುಲಿದ ವೆಚ್ಚ ಹೆಚ್ಚುಕಡಮೆ ಒಂದೇ. ಹಳೆಯ ಹಾದಿ ಉಳಿದಿದ್ದಲ್ಲಿ ಎಷ್ಟು ಲಾಭ, ಉಳಿಯದಿದ್ದಲ್ಲಿ ಎಷ್ಟು ನಷ್ಟ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿಗಳು ವಿರಳ.

9. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ಸಂಗತಿಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ನಗರವೊಂದರ ನಿಜವಾದ ಸಾರಿಗೆ ಆಸ್ತಿ ಗಾಡಿಯಲ್ಲ, ಹಾದಿ. ಗಾಡಿಗಳು ಗುಜರಿ ಸೇರಿದ ಮೂವತ್ತು ವರ್ಷಗಳ ಮೇಲೂ ಲಾಂಗ್ ಬೀಚಿನ ರೈಲು ಮರಳಿ ಬರಲು ಸಾಧ್ಯವಾದುದು ಹಾದಿಯನ್ನು ಯಾರೂ ತುಂಡರಿಸಿ ಮಾರದೆ ಇದ್ದುದರಿಂದ. ಎರಡನೆಯದಾಗಿ, ಲಘು ರೈಲಿನ ಅಗ್ಗದ ಬೆಲೆಯು ಬೀದಿಯೊಡನೆ ಅದು ಮಾಡಿಕೊಂಡ ಒಪ್ಪಂದದಿಂದ ಬಂದುದು. ಆ ಒಪ್ಪಂದದ ಬಾಕಿಯನ್ನು ವಿಳಂಬದ ರೂಪದಲ್ಲಿ, ನವೀಕರಣದ ರೂಪದಲ್ಲಿ, ಅಪಘಾತಗಳ ರೂಪದಲ್ಲಿ ವರ್ಷವರ್ಷವೂ ತೀರಿಸುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಲಘು ರೈಲಿನ ಅಂದಾಜುಪಟ್ಟಿಯಲ್ಲಿ ನಿರ್ಮಾಣದ ವೆಚ್ಚದೊಡನೆ ಮೂವತ್ತು ವರ್ಷಗಳ ನಿರ್ವಹಣೆಯ ವೆಚ್ಚವನ್ನೂ ಕ್ರಾಸಿಂಗುಗಳ ಸುರಕ್ಷತೆಯನ್ನೂ ಕೂಡಿಯೇ ನೋಡಬೇಕು. ಮೂರನೆಯದಾಗಿ, ಆ ಬಾಕಿಯನ್ನು ತೀರಿಸುವವರು ಯಾರೆಂಬ ಪ್ರಶ್ನೆಯನ್ನು ಯೋಜನೆಯ ಮೊದಲಲ್ಲಿಯೇ ಕೇಳಿಕೊಳ್ಳುವುದು ಅಗತ್ಯ.

ಇಷ್ಟೆಲ್ಲ ಕೊರತೆಗಳ ನಡುವೆಯೂ ಈ ಮಾರ್ಗವು ವ್ಯರ್ಥವಾಯಿತೆಂದು ಹೇಳಲಾಗದು. 1965ರ ಆಯೋಗವು ಗುರುತಿಸಿದ ಕೊರತೆಗೆ ಒಂದು ಉತ್ತರವಾಗಿ ಅದು ವಾಟ್ಸ್‌ನ ಮುಂದೆ ದಿನವೂ ಹಾದುಹೋಗುತ್ತಿದೆ. ಕಾರಿಲ್ಲದ ಕೆಲಸಗಾರನಿಗೆ ಬಂದರಿನಿಂದ ಬೆಟ್ಟದ ತಪ್ಪಲಿನ ಊರುಗಳವರೆಗೆ ಗಾಡಿ ಬದಲಿಸದೆ ಹೋಗುವ ಸೌಕರ್ಯವನ್ನು ಅದು ಒದಗಿಸಿದೆ. ಆ ಸೌಕರ್ಯವು ಉಳಿಯುವುದು ಹೊಸ ನಿಲ್ದಾಣಗಳ ಉದ್ಘಾಟನೆಯಿಂದ ಮಾತ್ರವಲ್ಲ. ಹಳೆಯ ಕ್ರಾಸಿಂಗುಗಳ ಗೇಟು ದಿನವೂ ಸರಿಯಾಗಿ ಇಳಿದು ಏಳುವುದರಿಂದ.